ಲೆಕ್ಕ ಕೂಡುವ ತನಕ ಬಸ್ಸು ಹೊರಡಬಾರದು

ದೀಪಾವಳಿ ಕಳೆಯಿತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಡಿಸೆಂಬರ್ ಬರುವಷ್ಟರಲ್ಲಿ ಮೈಸೂರು ಅರಮನೆಯ ಮುಂದೆ, ಬೇಲೂರಿನ ಗುಡಿಯ ಅಂಗಳದಲ್ಲಿ, ಗೋಳಗುಮ್ಮಟದ ಹುಲ್ಲುಹಾಸಿನ ಮೇಲೆ ಸಮವಸ್ತ್ರದ ಸಾಲುಗಳೇ ಸಾಲು. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಭಯವನ್ನು ತೋಡಿಕೊಂಡಿವೆ: ಜನಜಂಗುಳಿಯಲ್ಲಿ ಒಂದು ಮಗು ತಪ್ಪಿಸಿಕೊಂಡರೆ ಏನು ಗತಿ? ಮಕ್ಕಳ ಸುರಕ್ಷತೆಯ ಬಗ್ಗೆ ಶಿಕ್ಷಕರಿಗೆ ತರಬೇತಿ ಕೊಡುವ ನಿವೃತ್ತ ಮುಖ್ಯಶಿಕ್ಷಕರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 46 ಮಕ್ಕಳನ್ನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಶ್ರೀರಂಗಪಟ್ಟಣ, ಮೈಸೂರು, ಕೆಆರ್‌ಎಸ್ ಸುತ್ತಿಸಿಕೊಂಡು ಬರಬೇಕೆಂದಿದ್ದೇವೆ. ನಾಲ್ವರು ಶಿಕ್ಷಕರಿದ್ದೇವೆ. ಬಸ್ಸು ಹತ್ತುವಾಗ, ಇಳಿಯುವಾಗ ತಲೆ ಎಣಿಸುತ್ತೇವೆ. ಅಷ್ಟು ಸಾಕಲ್ಲವೆ?
— ಸಹಶಿಕ್ಷಕಿ, ಹಾನಗಲ್ ತಾಲ್ಲೂಕು

ಉತ್ತರ: ಸಾಲದು. ತಲೆ ಎಣಿಸಿದರೆ ಎಷ್ಟು ಮಂದಿ ಇದ್ದಾರೆಂದು ತಿಳಿಯುತ್ತದೆ, ಯಾರಿದ್ದಾರೆಂದು ತಿಳಿಯುವುದಿಲ್ಲ. ಸರ್ಕಾರಿ ಶಾಲೆಗಳ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಸರ್ಕಾರ ಕೊಡುವ ಸಮವಸ್ತ್ರ ಹೆಚ್ಚುಕಡಿಮೆ ಒಂದೇ. ಐದಾರು ಶಾಲೆಗಳ ಮಕ್ಕಳು ಒಂದೆಡೆ ಬೆರೆತರೆ ಯಾರು ಯಾವ ಊರಿನವರೆಂದು ಶಿಕ್ಷಕರಿಗೇ ಗೊತ್ತಾಗದು. ಬೇರೆ ಶಾಲೆಯ ಹುಡುಗನೊಬ್ಬ ನಿಮ್ಮ ಬಸ್ಸು ಹತ್ತಿ, ನಿಮ್ಮ ಹುಡುಗನೊಬ್ಬ ಕೆಳಗೇ ಉಳಿದರೂ ಎಣಿಕೆ ಸರಿಯಾಗಿ 46 ಬರುತ್ತದೆ. ಆಗ ಎರಡು ಶಾಲೆಗಳಲ್ಲಿ ಎರಡು ಮಕ್ಕಳು ಕಾಣೆ.

ಆದ್ದರಿಂದ ಹೆಸರು ಕರೆಯಿರಿ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಗುಂಪಿಗೆ 11 ಅಥವಾ 12 ಮಂದಿ. ಪ್ರತಿ ಗುಂಪಿಗೂ ಒಬ್ಬರೇ ಶಿಕ್ಷಕರು. ಪ್ರವಾಸ ಮುಗಿಯುವ ತನಕ ಬದಲಾವಣೆ ಬೇಡ. ಪಟ್ಟಿ ಕಾಗದದ ಮೇಲಿರಲಿ, ಮೊಬೈಲಿನಲ್ಲಿ ಮಾತ್ರ ಬೇಡ. ಸಂಜೆಯ ಹೊತ್ತಿಗೆ ಚಾರ್ಜ್ ಮುಗಿದಿರುತ್ತದೆ. ಶಿಕ್ಷಕರು ತಮ್ಮ ಗುಂಪಿನ ಹೆಸರು ಕರೆದು, ಮುಖ ನೋಡಿ, ‘ನನ್ನ ಗುಂಪು ಪೂರ್ತಿ’ ಎಂದು ತಂಡದ ಮುಖ್ಯಸ್ಥರಿಗೆ ಹೇಳಬೇಕು. ನಾಲ್ಕೂ ಗುಂಪು ಪೂರ್ತಿಯಾದ ಮೇಲೆ ಮುಖ್ಯಸ್ಥರು ಸೀಟುಗಳನ್ನು ತಾವೇ ಎಣಿಸಬೇಕು. ಎರಡೂ ಲೆಕ್ಕ ಕೂಡಿದರೆ ಮಾತ್ರ ಬಸ್ಸು ಹೊರಡಬೇಕು. ಚಾಲಕರಿಗೆ ಊರಲ್ಲೇ ಹೇಳಿಡಿ: ಯಾರು ‘ರೈಟ್’ ಅಂದರೂ ಹೊರಡಬೇಡಿ, ಮುಖ್ಯಸ್ಥರು ಹೇಳಿದರೆ ಮಾತ್ರ ಹೊರಡಿ.

ಮಕ್ಕಳು ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ನೋಡುವ ಜಾಗದಲ್ಲಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ದಾಟುವಾಗ. ಅರಮನೆಯಲ್ಲಿ ಚಪ್ಪಲಿ ಬಿಡುವ ಕೌಂಟರ್ ಅಂಥ ಒಂದು ಜಾಗ. ಅರ್ಧ ಮಕ್ಕಳು ಚಪ್ಪಲಿ ಹಾಕಿಕೊಂಡು ಮುಂದೆ ಹೋಗಿರುತ್ತಾರೆ, ಒಬ್ಬ ಮಾತ್ರ ಜೊತೆ ತಪ್ಪಿದ ಚಪ್ಪಲಿ ಹುಡುಕುತ್ತ ಹಿಂದುಳಿದಿರುತ್ತಾನೆ. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಆರಿದೊಡನೆ ಇಡೀ ಜನಸಾಗರ ಒಮ್ಮೆಗೇ ಹೊರಬಾಗಿಲಿನತ್ತ ತಿರುಗುತ್ತದೆ. ಕೆಆರ್‌ಎಸ್‌ನಲ್ಲಿ ಸಂಗೀತ ಕಾರಂಜಿ ಮುಗಿದ ಮೇಲೂ ಹಾಗೆಯೇ: ಕತ್ತಲು, ನೂಕುನುಗ್ಗಲು, ಸಾಲುಗಟ್ಟಿ ನಿಂತ ಒಂದೇ ತರದ ಬಸ್ಸುಗಳು. ಇಂಥ ಕಡೆ ಜನ ಏಳುವ ಹತ್ತು ನಿಮಿಷ ಮೊದಲೇ ಮಕ್ಕಳನ್ನು ಎಬ್ಬಿಸಿಕೊಂಡು ಬನ್ನಿ. ಇಲ್ಲವೆ ಜನವೆಲ್ಲ ಹೋಗುವ ತನಕ ಕೂತಲ್ಲೇ ಕೂರಿಸಿ.

ಇನ್ನೊಂದು ಸಲಹೆ. ಇಬ್ಬಿಬ್ಬರ ಜೋಡಿಗಿಂತ ಮೂವರ ತಂಡ ಒಳ್ಳೆಯದು. ಜೋಡಿಯಲ್ಲಿ ಒಬ್ಬಳು ಶೌಚಾಲಯಕ್ಕೆ ಹೋದರೆ ಇನ್ನೊಬ್ಬಳು ಒಂಟಿ. ಮೂವರಿದ್ದರೆ ಒಬ್ಬಳು ಜೊತೆಗೆ ನಿಂತು, ಮತ್ತೊಬ್ಬಳು ಬಂದು ಶಿಕ್ಷಕರಿಗೆ ಹೇಳಬಹುದು. ನಿಮ್ಮ ಶಾಲೆಯದೇ ಗುರುತಾಗಿ ಎಲ್ಲರ ಕೊರಳಿಗೆ ಒಂದೇ ಬಣ್ಣದ ಕರವಸ್ತ್ರ ಕಟ್ಟಿದರೆ ಖರ್ಚೂ ಕಡಿಮೆ, ದೂರದಿಂದಲೂ ಕಾಣುತ್ತದೆ.

ಪ್ರಶ್ನೆ: ಮಗಳು ನಾಲ್ಕನೇ ತರಗತಿ. ಪ್ರವಾಸಕ್ಕೆ ಮೊಬೈಲ್ ತರುವಂತಿಲ್ಲ ಎಂದು ಶಾಲೆ ಹೇಳಿದೆ. ಎದೆಯ ಮೇಲೆ ಹೆಸರು, ಊರು, ನಮ್ಮ ನಂಬರ್ ಬರೆದ ಚೀಟಿ ಹಾಕಿ ಕಳಿಸಲೆ? ಜಿಪಿಎಸ್ ವಾಚ್ ಕಟ್ಟಿದರೆ ಹೇಗೆ?
— ತಾಯಿ, ತುಮಕೂರು

ಉತ್ತರ: ಎದೆಯ ಮೇಲೆ ಹೆಸರು ಬೇಡ. ಹೆಸರು ಹಿಡಿದು ಕರೆದವರನ್ನು ಮಗು ಪರಿಚಯದವರೆಂದೇ ನಂಬುತ್ತದೆ. ಹೊರಗೆ ಕಾಣುವ ಗುರುತಿನ ಚೀಟಿಯಲ್ಲಿ ಶಾಲೆಯ ಹೆಸರು ಮತ್ತು ಜೊತೆಗಿರುವ ಇಬ್ಬರು ಶಿಕ್ಷಕರ ಫೋನ್ ನಂಬರ್ ಮಾತ್ರ ಇರಲಿ. ಮಗಳ ಹೆಸರು, ನಿಮ್ಮ ನಂಬರ್, ರಕ್ತದ ಗುಂಪು, ಔಷಧಿಯ ಅಲರ್ಜಿ ಇದ್ದರೆ ಅದು, ಇವಿಷ್ಟನ್ನು ಒಂದು ಕಾಗದದಲ್ಲಿ ಬರೆದು ಒಳಜೇಬಿನಲ್ಲಿಡಿ. ಚೀಟಿ ಕಳೆದರೂ ಉಳಿಯಲಿ ಎಂದು ಮುಂಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ನಿಮ್ಮ ನಂಬರ್ ಬರೆದು ಕಳಿಸಿ.

ಜಿಪಿಎಸ್ ವಾಚಿಗೆ ಮೊಬೈಲ್ ಸಿಗ್ನಲ್ ಬೇಕು. ಕೆಲವು ಟ್ಯಾಗ್‌ಗಳು ಸುತ್ತಮುತ್ತ ಓಡಾಡುವವರ ಮೊಬೈಲ್‌ಗಳ ಮೂಲಕವೇ ಜಾಗ ತೋರಿಸುತ್ತವೆ. ಮಲೆನಾಡಿನ ಕಣಿವೆಯಲ್ಲೋ ಜನವಿಲ್ಲದ ಕಡೆಯೋ ಎರಡೂ ಕೈಕೊಡಬಹುದು. ಶಾಲೆ ಒಪ್ಪಿದರೆ ಕಟ್ಟಿ, ಆದರೆ ಅದನ್ನೇ ನೆಚ್ಚಬೇಡಿ. ನಿಮ್ಮ ಫೋನ್ ನಂಬರ್ ಬಾಯಿಪಾಠವಾದ ಮಗು ಯಾವ ವಾಚಿಗಿಂತಲೂ ಸುರಕ್ಷಿತ. ಹೊರಡುವ ದಿನ ಬೆಳಿಗ್ಗೆ ಆಕೆ ತೊಟ್ಟ ಬಟ್ಟೆಯಲ್ಲೇ, ಕಾಲಿನ ಚಪ್ಪಲಿಯೂ ಕಾಣುವಂತೆ, ಒಂದು ಫೋಟೊ ತೆಗೆದಿಡಿ. ಮಗು ತಪ್ಪಿಸಿಕೊಂಡಾಗ ಹುಟ್ಟುಹಬ್ಬದ ಫೋಟೊಗಿಂತ ಇದು ನೂರು ಪಾಲು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಪ್ರತಿ ವರ್ಷ ಹಂಪಿಗೆ ಮಕ್ಕಳನ್ನು ಕರೆದೊಯ್ಯುತ್ತೇವೆ. ಒಂದು ಮಗು ಕಾಣುತ್ತಿಲ್ಲ ಎಂದು ಗೊತ್ತಾದ ಕ್ಷಣದಿಂದ ಏನೇನು ಮಾಡಬೇಕು? ಕ್ರಮವಾಗಿ ತಿಳಿಸಿ.
— ಮುಖ್ಯಶಿಕ್ಷಕ, ಗಂಗಾವತಿ ತಾಲ್ಲೂಕು

ಉತ್ತರ: ಹಂಪಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಲ್ಲಿ ಸ್ಮಾರಕಗಳು ಮೈಲಿಗಟ್ಟಲೆ ಹರಡಿವೆ, ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ವಿಜಯ ವಿಠ್ಠಲ ದೇವಸ್ಥಾನಕ್ಕೆ ವಾಹನ ನಿಲ್ದಾಣದಿಂದ ಬ್ಯಾಟರಿ ಗಾಡಿಗಳಲ್ಲಿ ಹೋಗುವಾಗ ಒಂದು ತರಗತಿ ನಾಲ್ಕೈದು ಗಾಡಿಗಳಲ್ಲಿ ಹಂಚಿಹೋಗುತ್ತದೆ. ಪ್ರತಿ ಗಾಡಿಯಲ್ಲೂ ಯಾರಿದ್ದಾರೆಂದು ಬರೆದುಕೊಂಡಿದ್ದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಮೊದಲ ನಿಮಿಷ: ಎಲ್ಲ ಮಕ್ಕಳನ್ನೂ ಒಂದೇ ಕಡೆ ಕೂರಿಸಿ ಒಬ್ಬ ಶಿಕ್ಷಕರನ್ನು ಕಾವಲಿಡಿ. ದೊಡ್ಡ ಮಕ್ಕಳನ್ನು ‘ಹೋಗಿ ಹುಡುಕಿ’ ಎಂದು ಅಟ್ಟಬೇಡಿ. ಎರಡನೇ ಮಗು ಕಾಣೆಯಾಗುವುದು ಹೀಗೆಯೇ. ಕಾಣೆಯಾದವನ ತಂಡದ ಇಬ್ಬರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ: ಕೊನೆಗೆ ಎಲ್ಲಿ ನೋಡಿದಿರಿ, ಏನು ಹೇಳುತ್ತಿದ್ದ, ಯಾರ ಜೊತೆಯಾದರೂ ಮಾತಾಡಿದನೆ, ಜಗಳವಾಗಿತ್ತೆ? ಗದರಿದರೆ ಮಕ್ಕಳು ಬಾಯಿ ಬಿಡುವುದಿಲ್ಲ.

ಮೂರನೇ ನಿಮಿಷದೊಳಗೆ: ದೊಡ್ಡವರು ಮೂರು ದಿಕ್ಕಿಗೆ ಹೋಗಬೇಕು. ಒಬ್ಬರು ನದಿಯ ಕಡೆಗೆ, ಒಬ್ಬರು ಹೊರಬಾಗಿಲು ಮತ್ತು ಬಸ್ಸುಗಳತ್ತ, ಒಬ್ಬರು ಬಂದ ದಾರಿಯಲ್ಲೇ ಹಿಂದಕ್ಕೆ. ನೀರಿನ ಕಡೆಗೆ ಮೊದಲು ಹೊರಡಬೇಕು. ಉಳಿದ ಕಡೆ ಮಗು ಇದ್ದರೆ ಹತ್ತು ನಿಮಿಷದ ಮೇಲೂ ಸಿಗುತ್ತದೆ, ನೀರಿನಲ್ಲಿ ಆ ಅವಕಾಶವಿಲ್ಲ. ಬಸ್ಸುಗಳತ್ತ ಹೋದವರು ನಿಮ್ಮ ಬಸ್ಸನ್ನಷ್ಟೇ ನೋಡದೆ ಅಲ್ಲಿ ನಿಂತ ಬೇರೆ ಶಾಲೆಗಳ ಬಸ್ಸುಗಳನ್ನೂ ಹತ್ತಿ ನೋಡಲಿ.

ಐದನೇ ನಿಮಿಷ: ಟಿಕೆಟ್ ಕೌಂಟರ್, ಕಾವಲುಗಾರರು, ಗೈಡ್‌ಗಳು, ಅಂಗಡಿಯವರಿಗೆ ಬೆಳಿಗ್ಗೆಯ ಫೋಟೊ ತೋರಿಸಿ. ಧ್ವನಿವರ್ಧಕ ಇದ್ದರೆ ‘ಇಂಥ ಹುಡುಗ ಒಬ್ಬನೇ ತಪ್ಪಿಸಿಕೊಂಡಿದ್ದಾನೆ’ ಎಂದು ಸಾರಬೇಡಿ. ‘ಇಂಥ ಶಾಲೆಯ ಮಕ್ಕಳೆಲ್ಲ ಕಲ್ಲಿನ ರಥದ ಹತ್ತಿರ ಬನ್ನಿ’ ಅಂದರೆ ಸಾಕು, ಮಗುವಿಗೆ ಅರ್ಥವಾಗುತ್ತದೆ.

ಹತ್ತನೇ ನಿಮಿಷ: ಸಿಗದಿದ್ದರೆ ತುರ್ತು ಸಹಾಯವಾಣಿ 112ಕ್ಕೆ ಕರೆ. ಪುಟ್ಟ ಮಗುವಾದರೆ, ಹತ್ತಿರದಲ್ಲಿ ನೀರು ಅಥವಾ ಹೆದ್ದಾರಿ ಇದ್ದರೆ, ಯಾರೋ ಕರೆದೊಯ್ದರು ಎಂಬ ಸಂಶಯವಿದ್ದರೆ ಈ ಹತ್ತು ನಿಮಿಷವನ್ನೂ ಕಾಯಬೇಡಿ. ಕರೆ ಮಾಡಿದ ಮೇಲೆ ಮಗು ಸಿಕ್ಕರೆ ಇನ್ನೊಂದು ಕರೆ ಮಾಡಿ ಹೇಳಿದರಾಯಿತು. ಅದಕ್ಕಾಗಿ ಯಾರೂ ನಿಮ್ಮನ್ನು ಬಯ್ಯುವುದಿಲ್ಲ. ಕೂಡಲೇ ಶಾಲೆಗೂ ಪೋಷಕರಿಗೂ ತಿಳಿಸಿ. ಒಬ್ಬರು ಮಾತ್ರ ಒಂದೆಡೆ ಕೂತು ಯಾರು ಎಷ್ಟು ಹೊತ್ತಿಗೆ ಎಲ್ಲಿ ನೋಡಿ ಬಂದರು ಎಂದು ಬರೆಯುತ್ತಿರಲಿ. ಇಲ್ಲವಾದರೆ ನೋಡಿದ ಜಾಗವನ್ನೇ ನಾಲ್ವರು ನಾಲ್ಕು ಸಲ ನೋಡುತ್ತಾರೆ, ನೋಡದ ಜಾಗ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಪೊಲೀಸರು 24 ಗಂಟೆ ಕಳೆದ ಮೇಲೆಯೇ ದೂರು ತೆಗೆದುಕೊಳ್ಳುತ್ತಾರಂತೆ, ನಿಜವೆ? ಬೀದರಿನ ಶಾಲೆಯ ಮಗು ಮೈಸೂರಿನಲ್ಲಿ ಕಾಣೆಯಾದರೆ ದೂರು ಎಲ್ಲಿ ಕೊಡಬೇಕು?
— ಯುವ ಶಿಕ್ಷಕ, ಭಾಲ್ಕಿ

ಉತ್ತರ: 24 ಗಂಟೆಯ ಮಾತು ಸಿನಿಮಾದಿಂದ ಬಂದದ್ದೋ ಏನೋ, ಕಾನೂನಿನಲ್ಲಂತೂ ಇಲ್ಲ. ಬಚಪನ್ ಬಚಾವೋ ಆಂದೋಲನ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಅಪಹರಣ ಅಥವಾ ಸಾಗಣೆ ನಡೆದಿರಬಹುದೆಂದೇ ಭಾವಿಸಿ ತನಿಖೆ ಆರಂಭಿಸಬೇಕು. ನಾಲ್ಕು ತಿಂಗಳಲ್ಲಿ ಪತ್ತೆಯಾಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ‘ಕಾಣೆಯಾಗಿದ್ದಾರೆ’ ಎಂದು ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸುವಂತಿಲ್ಲ.

ದೂರನ್ನು ಹತ್ತಿರದ ಯಾವ ಠಾಣೆಯಲ್ಲಾದರೂ ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು. ಇದನ್ನೇ ಜನ ‘ಜೀರೊ ಎಫ್‌ಐಆರ್’ ಅನ್ನುವುದು. ದೂರು ಕೊಟ್ಟವರಿಗೆ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳಿಸಬಹುದು.

ಜೊತೆಗೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಹಗಲು ರಾತ್ರಿ ಉಚಿತ. ಬೇರೆ ಯಾರಿಗಾದರೂ ಮಗು ಸಿಕ್ಕಿದ್ದರೆ ಅವರೂ ಇದೇ ನಂಬರಿಗೆ ಕರೆ ಮಾಡಿರುವ ಸಾಧ್ಯತೆ ಇರುತ್ತದೆ.

ಪ್ರಶ್ನೆ: ಕಳೆದ ವರ್ಷ ಪ್ರವಾಸದಲ್ಲಿ ನನ್ನ ಮಗ ತಪ್ಪಿಸಿಕೊಂಡಿದ್ದ. ಶಾಲೆಯವರು ನಮಗೆ ತಿಳಿಸಿದ್ದು ಮೂರು ಗಂಟೆಯ ನಂತರ, ಅವನು ಸಿಕ್ಕ ಮೇಲೆ. ‘ನೀವು ಗಾಬರಿಯಾಗುತ್ತೀರೆಂದು ಹೇಳಲಿಲ್ಲ’ ಅಂದರು. ಇದು ಸರಿಯೆ?
— ತಂದೆ, ಶಿವಮೊಗ್ಗ

ಉತ್ತರ: ಸರಿಯಲ್ಲ. ಪೋಷಕರ ಗಾಬರಿಗಿಂತ ಹೆಚ್ಚಾಗಿ ಶಾಲೆಯ ಹೆಸರು ಕೆಡುತ್ತದೆಂಬ ಅಂಜಿಕೆ ಇಂಥ ಕಡೆ ಕೆಲಸ ಮಾಡುತ್ತದೆ. ಶಿಕ್ಷಕರ ಮೇಲೆ ಕ್ರಮವಾಗುತ್ತದೆ, ಮುಂದಿನ ವರ್ಷ ಯಾರೂ ಮಕ್ಕಳನ್ನು ಕಳಿಸುವುದಿಲ್ಲ ಎಂಬ ಲೆಕ್ಕಾಚಾರದಲ್ಲೇ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. ಮಗುವಿನ ಬಗ್ಗೆ ಪೋಷಕರಿಗೆ ಗೊತ್ತಿರುವುದು ಶಾಲೆಗೆ ಗೊತ್ತಿರುವುದಿಲ್ಲ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆ ಇರಬಹುದು, ‘ರೈಲು ನೋಡಬೇಕು’ ಎಂದು ವಾರದಿಂದ ಹಟ ಹಿಡಿದಿರಬಹುದು. ಒಂದು ಫೋನಿನಲ್ಲಿ ಹುಡುಕಾಟ ಮುಗಿದುಬಿಡಬಹುದು. ಈ ವರ್ಷ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ‘ಹದಿನೈದು ನಿಮಿಷದೊಳಗೆ ನಮಗೆ ತಿಳಿಸಬೇಕು’ ಎಂಬ ಸಾಲನ್ನು ಸೇರಿಸಿರೆಂದು ಶಾಲಾಭಿವೃದ್ಧಿ ಸಮಿತಿಯಲ್ಲಿ ಕೇಳಿ.

ಪೋಷಕರಿಗೂ ಒಂದು ಮಾತು. ಸುದ್ದಿ ಬಂದರೆ ಮನೆಯವರೆಲ್ಲ ಹೊರಟುಬಿಡಬೇಡಿ. ಒಬ್ಬರು ಮನೆಯಲ್ಲೇ, ಮಗುವಿಗೆ ಬಾಯಿಪಾಠವಿರುವ ನಂಬರಿನ ಫೋನ್ ಹಿಡಿದು ಕೂತಿರಲಿ. ಪೊಲೀಸರನ್ನು ಕೇಳದೆ ವಾಟ್ಸ್‌ಆ್ಯಪ್‌ನಲ್ಲಿ ‘ಮಕ್ಕಳ ಕಳ್ಳರು’ ಎಂದು ಯಾರ ಫೋಟೊವನ್ನೂ, ಯಾವ ಕಾರಿನ ನಂಬರನ್ನೂ ಹರಿಬಿಡಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರಯಾಣಿಕರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್ ವದಂತಿ ನಂಬಿದ ಜನ ಹೊಡೆದರು. ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು.

ಪ್ರಶ್ನೆ: ಹತ್ತನೇ ತರಗತಿಯ ಮಕ್ಕಳನ್ನು ಮೂರು ದಿನದ ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ರಾತ್ರಿ ಛತ್ರದಲ್ಲಿ ವಾಸ. ಈ ವಯಸ್ಸಿನವರು ತಪ್ಪಿಸಿಕೊಳ್ಳುವುದಿಲ್ಲ, ತಾವಾಗಿ ಹೋಗಿಬಿಡುತ್ತಾರೆ. ಬಾಗಿಲಿಗೆ ಬೀಗ ಹಾಕಲೆ?
— ಪ್ರೌಢಶಾಲಾ ಶಿಕ್ಷಕಿ, ಗೋಕಾಕ

ಉತ್ತರ: ಬೀಗ ಬೇಡವೇ ಬೇಡ. ಬೆಂಕಿ ಬಿದ್ದರೆ ಅದೇ ಬೀಗ ಪ್ರಾಣಕ್ಕೆ ಎರವಾಗುತ್ತದೆ. ಒಂದು ಮಹಡಿಯ ಎಲ್ಲ ಕೋಣೆಗಳನ್ನೂ ನೀವೇ ತೆಗೆದುಕೊಳ್ಳಿ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಶಿಕ್ಷಕರಿರಲಿ. ಹೆಣ್ಣುಮಕ್ಕಳ ಕಡೆ ಶಿಕ್ಷಕಿಯರೇ ಇರಬೇಕು. ಮಲಗುವಾಗ ಒಮ್ಮೆ, ನಡುರಾತ್ರಿ ಒಮ್ಮೆ, ಬೆಳಿಗ್ಗೆ ಎದ್ದೊಡನೆ ಒಮ್ಮೆ ಹೆಸರು ನೋಡಿ. ಸರದಿಯ ಕಾವಲಿಗೆ ಮಕ್ಕಳನ್ನು ಹಾಕಬೇಡಿ, ಅದು ನಿಮ್ಮ ಕೆಲಸ.

ಈ ವಯಸ್ಸಿನವರು ಹೊರಟುಹೋಗುವುದಕ್ಕೆ ಬೇರೆ ಕಾರಣಗಳಿರುತ್ತವೆ: ಎಲ್ಲರೆದುರು ಆದ ಅವಮಾನ, ಗೆಳೆಯರ ಪಂಥ, ಮನೆಗೆ ಮರಳಲು ಭಯ, ಫೋನಿನಲ್ಲಿ ಪರಿಚಯವಾದವರನ್ನು ಕಾಣುವ ಆಸೆ. ಆದ್ದರಿಂದ ಪ್ರವಾಸದಲ್ಲಿ ಯಾರನ್ನೂ ಎಲ್ಲರ ಮುಂದೆ ಶಿಕ್ಷಿಸಬೇಡಿ. ‘ಊರಿಗೆ ಹೋದಮೇಲೆ ನಿನ್ನಪ್ಪನಿಗೆ ಹೇಳುತ್ತೇನೆ ನೋಡು’ ಎಂಬ ಬೆದರಿಕೆಯ ರಾತ್ರಿಯೇ ಮಗು ಗೇಟು ದಾಟುವ ರಾತ್ರಿ. ತಾವಾಗಿ ಹೋದವರೆಂದು ಹುಡುಕಾಟ ತಡಮಾಡಲೂಬಾರದು. ಹದಿನೆಂಟು ತುಂಬದವರು ಕಾನೂನಿನ ಕಣ್ಣಿಗೆ ಮಕ್ಕಳೇ. ‘ಓಡಿಹೋಗಿದ್ದಾಳೆ, ಬರುತ್ತಾಳೆ ಬಿಡಿ’ ಎಂದು ಪೊಲೀಸರೂ ಹೇಳುವಂತಿಲ್ಲ, ನೀವೂ ಹೇಳುವಂತಿಲ್ಲ.

ಪ್ರಶ್ನೆ: ಮಕ್ಕಳು ಕಡಲು ನೋಡಬೇಕೆಂದು ಹಟ ಹಿಡಿದಿದ್ದಾರೆ. ಕಾಲು ಮಾತ್ರ ನೆನೆಸಿಕೊಳ್ಳಲಿ ಎಂದು ಬಿಡಬಹುದೆ?
— ಶಿಕ್ಷಕ, ಚಿಂತಾಮಣಿ

ಉತ್ತರ: 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲು ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಎಳೆದೊಯ್ದಿತು. 2016ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಮುರುಡ್ ತೀರದಲ್ಲಿ ಪುಣೆಯ ಕಾಲೇಜಿನ 14 ಮಂದಿ ಹೋದರು. ಬಯಲುಸೀಮೆಯ ಮಗುವಿಗೆ ಅಲೆ ಹಿಂದಕ್ಕೆ ಎಳೆಯುವ ಬಲದ ಅಂದಾಜೇ ಇರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ಕಾಲಡಿಯ ಮರಳು ಸರಿದರೆ ದೊಡ್ಡವರೇ ಬೀಳುತ್ತಾರೆ.

ದಡದಲ್ಲಿ ಕೂತು ಕಡಲು ನೋಡಿದರೂ ಕಡಲು ನೋಡಿದಂತೆಯೇ. ನೀರಿಗಿಳಿಸಲೇಬೇಕಾದರೆ ಜೀವರಕ್ಷಕರಿರುವ ಜಾಗದಲ್ಲಿ ಮಾತ್ರ, ಅವರು ಒಪ್ಪಿದ ಹೊತ್ತಿನಲ್ಲಿ ಮಾತ್ರ, ಒಂದು ಗುಂಪಾದ ಮೇಲೆ ಇನ್ನೊಂದು ಗುಂಪು, ಪಾದ ಮುಳುಗುವಷ್ಟು ಮಾತ್ರ. ಮಕ್ಕಳು ದಡದ ಕಡೆ, ಶಿಕ್ಷಕರು ಕಡಲಿನ ಕಡೆ ನಿಲ್ಲಬೇಕು. ದಡದಲ್ಲಿ ನಿಂತು ಫೋಟೊ ತೆಗೆಯುವುದು ಮೇಲ್ವಿಚಾರಣೆಯಲ್ಲ. ದೋಣಿ ವಿಹಾರಕ್ಕೆ ಲೈಫ್ ಜಾಕೆಟ್ ಇಲ್ಲವೆಂದರೆ ದೋಣಿಯೂ ಇಲ್ಲ. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದ ದೋಣಿಯಲ್ಲಿ ಎಲ್ಲರಿಗೂ ಜಾಕೆಟ್ ಇರಲಿಲ್ಲ.

ಅಣೆಕಟ್ಟಿನ ಕೆಳಗಿನ ನದಿಪಾತ್ರವೂ ಅಷ್ಟೇ ಅಪಾಯದ್ದು. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಫೋಟೊಗಾಗಿ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕಿದರು. ಒಣಗಿದಂತೆ ಕಾಣುವ ಬಂಡೆಗಳ ಮೇಲೆ ಮಕ್ಕಳನ್ನು ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ತರಗತಿಯಲ್ಲಿ ಆಟಿಸಂ ಇರುವ ಹುಡುಗನಿದ್ದಾನೆ. ಹೇಳದೆ ಕೇಳದೆ ನಡೆದುಬಿಡುವ ಅಭ್ಯಾಸ. ಬಿಟ್ಟು ಹೋಗುವುದೇ ಒಳ್ಳೆಯದು ಎಂದು ಸಹೋದ್ಯೋಗಿಗಳು ಹೇಳುತ್ತಾರೆ.
— ಶಿಕ್ಷಕಿ, ಉಡುಪಿ

ಉತ್ತರ: ಬಿಟ್ಟು ಹೋಗಬೇಡಿ. ಸರ್ಕಾರಿ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಅಂಗವಿಕಲ ಮಕ್ಕಳಿಗೆ ಆಟ, ಮನರಂಜನೆಗಳಲ್ಲೂ ಸಮಾನ ಅವಕಾಶ ಕೊಡಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅವನಿಗಾಗಿಯೇ ಒಬ್ಬ ದೊಡ್ಡವರಿರಲಿ, ಅವರಿಗೆ ಬೇರೆ ಗುಂಪಿನ ಹೊಣೆ ಬೇಡ. ತಾಯಿಯೋ ತಂದೆಯೋ ಬರುತ್ತಾರಾದರೆ ಕರೆದೊಯ್ಯಿರಿ, ಆದರೆ ಬಂದರೆ ಮಾತ್ರ ಸೇರಿಸುತ್ತೇವೆ ಎಂಬ ಷರತ್ತು ಬೇಡ. ಅವನನ್ನು ಸೆಳೆಯುವುದು ಏನು ಎಂದು ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ: ನೀರೆ, ರೈಲೆ, ತಿರುಗುವ ಚಕ್ರವೆ? ತಪ್ಪಿಸಿಕೊಂಡರೆ ಮೊದಲು ಹುಡುಕಬೇಕಾದ್ದು ಅಲ್ಲೇ. ಇಂಥ ಮಕ್ಕಳಲ್ಲಿ ಅನೇಕರಿಗೆ ನೀರಿನ ಸೆಳೆತ ಹೆಚ್ಚು. ಹೆಸರು ಕೂಗಿದರೆ ಓಗೊಡದಿರಬಹುದು, ಗಲಾಟೆಯಿಂದ ದೂರ, ಮೂಲೆಯಲ್ಲಿ ಅಡಗಿರಬಹುದು. ಆದ್ದರಿಂದ ಕೂಗುವ ಬದಲು ಅವನಿಗಿಷ್ಟದ ಹಾಡನ್ನು ಮೊಬೈಲಿನಲ್ಲಿ ಹಾಕಿಕೊಂಡು ಹುಡುಕಿ. ಪ್ರವಾಸಕ್ಕೆ ಮುಂಚೆ ಆ ಜಾಗದ ಚಿತ್ರಗಳನ್ನು ತೋರಿಸಿದ್ದರೆ ಗಾಬರಿಯೂ ಕಡಿಮೆ.

ಪ್ರಶ್ನೆ: ನಾವು ರೈಲಿನಲ್ಲಿ ಹೋಗುತ್ತೇವೆ. ಒಂದು ಮಗು ಪ್ಲಾಟ್‌ಫಾರ್ಮಿನಲ್ಲೇ ಉಳಿದು ರೈಲು ಹೊರಟರೆ?
— ದೈಹಿಕ ಶಿಕ್ಷಣ ಶಿಕ್ಷಕ, ಹುಬ್ಬಳ್ಳಿ

ಉತ್ತರ: ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ರೈಲು, ನಿಲ್ದಾಣ, ಪ್ಲಾಟ್‌ಫಾರ್ಮ್, ಮಗುವಿನ ಗುರುತು ಹೇಳಿ, ಟಿಟಿಇಗೂ ಹೇಳಿ. ರೈಲ್ವೆ ರಕ್ಷಣಾ ಪಡೆಯವರು ಇಂಥ ಮಕ್ಕಳನ್ನು ದಿನವೂ ಕಾಪಾಡುತ್ತಾರೆ. ಒಬ್ಬ ಶಿಕ್ಷಕರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗಲಿ, ಚಲಿಸುವ ರೈಲಿನಿಂದ ಯಾರೂ ಹಾರಬೇಡಿ. ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಬೇಕಾದ್ದು ಇಷ್ಟು: ರೈಲು ತಪ್ಪಿದರೆ ಬೇರೆ ರೈಲು ಹತ್ತಬೇಡ, ಖಾಕಿ ತೊಟ್ಟವರ ಹತ್ತಿರ ಹೋಗು. ನಡುವಿನ ನಿಲ್ದಾಣಗಳಲ್ಲಿ ನೀರು, ತಿಂಡಿ ತರುವುದು ಶಿಕ್ಷಕರ ಕೆಲಸ, ಮಕ್ಕಳದಲ್ಲ.

ಪ್ರಶ್ನೆ: ನನ್ನದು ಹಳೇಬೀಡಿನ ಹತ್ತಿರ ಎಳನೀರು ಅಂಗಡಿ. ಸೀಸನ್ನಿನಲ್ಲಿ ಅಳುತ್ತ ನಿಂತ ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಸಹಾಯ ಮಾಡಲು ಹೋಗಿ ನಾನೇ ಸಿಕ್ಕಿಹಾಕಿಕೊಂಡರೆ ಎಂಬ ಭಯ.
— ವ್ಯಾಪಾರಿ, ಹಾಸನ ಜಿಲ್ಲೆ

ಉತ್ತರ: ಭಯ ಬೇಡ. ಪೋಷಕರಿಂದ ಬೇರ್ಪಟ್ಟ ಮಗು ಸಿಕ್ಕರೆ 24 ಗಂಟೆಯೊಳಗೆ ಪೊಲೀಸರಿಗೋ 1098ಕ್ಕೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಿಕ್ಕವರ ಕರ್ತವ್ಯ, ತಿಳಿಸದಿರುವುದೇ ತಪ್ಪು. ಮಗುವನ್ನು ಬೈಕ್ ಹತ್ತಿಸಿಕೊಂಡು ಹುಡುಕಲು ಹೊರಡಬೇಡಿ. ಅಂಗಡಿಯ ಮುಂದೆಯೇ, ಎಲ್ಲರಿಗೂ ಕಾಣುವಂತೆ ಕೂರಿಸಿ. ಪಕ್ಕದ ಅಂಗಡಿಯವರನ್ನೂ, ಸಾಧ್ಯವಾದರೆ ಒಬ್ಬ ಹೆಂಗಸನ್ನೂ ಕರೆದುಕೊಳ್ಳಿ. ಚೀಟಿಯಲ್ಲಿರುವ ನಂಬರಿಗೂ 112ಕ್ಕೂ ಕರೆ ಮಾಡಿ. ‘ಇವನು ನಮ್ಮವನು’ ಎಂದು ಯಾರೇ ಬಂದರೂ ‘ನಿನ್ನ ಹೆಸರು ಇದೇ ತಾನೆ’ ಎಂದು ಅವರೆದುರು ಮಗುವನ್ನು ಕೇಳಬೇಡಿ. ಮಗುವಿನ ಹೆಸರು, ಶಾಲೆ, ತರಗತಿಯನ್ನು ಬಂದವರ ಬಾಯಿಂದಲೇ ಹೇಳಿಸಿ, ಆಮೇಲೆ ಶಾಲೆಯ ಗುರುತಿನ ಚೀಟಿ ನೋಡಿ. ಅನುಮಾನವಿದ್ದರೆ ಪೊಲೀಸರು ಬರುವವರೆಗೂ ಕೊಡಬೇಡಿ.

ಪ್ರಶ್ನೆ: ‘ಪ್ರವಾಸದಲ್ಲಿ ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ’ ಎಂದು ಪೋಷಕರಿಂದ ಬರೆಸಿಕೊಂಡರೆ ಶಿಕ್ಷಕರಿಗೆ ರಕ್ಷಣೆ ಸಿಗುತ್ತದೆಯೆ? ಮಗು ಸಿಕ್ಕ ಮೇಲೆ ಏನೇನು ಮಾಡಬೇಕು?
— ಆಡಳಿತಾಧಿಕಾರಿ, ಖಾಸಗಿ ಶಾಲೆ, ಬೆಂಗಳೂರು

ಉತ್ತರ: ಆ ಸಾಲು ಕಾಗದಕ್ಕೆ ದಂಡ. ಕಳಿಸಲು ಒಪ್ಪಿದ್ದೇನೆ ಎಂಬುದಕ್ಕಷ್ಟೇ ಪೋಷಕರ ಸಹಿ ಸಾಕ್ಷಿ, ನಿಮ್ಮ ನಿರ್ಲಕ್ಷ್ಯಕ್ಕೆ ಅದು ಪರವಾನಗಿಯಾಗದು. ಮಕ್ಕಳ ಸುರಕ್ಷತೆಯಲ್ಲಿ ಶಾಲಾ ಆಡಳಿತದ ಹೊಣೆಯನ್ನು ಗೊತ್ತುಪಡಿಸಲು ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ, ಅದು ಖಾಸಗಿ ಶಾಲೆಗಳಿಗೂ ಸೇರಿದ್ದು. ಶಿಕ್ಷಕರನ್ನು ಕಾಪಾಡುವುದು ಇಲಾಖೆಯ ಅನುಮತಿ ಪತ್ರ, ಗುಂಪುಗಳ ಪಟ್ಟಿ, ಪ್ರತಿ ಹಾಜರಿಯ ಸಮಯ, 112ಕ್ಕೆ ಕರೆ ಮಾಡಿದ ಹೊತ್ತು. ಇವು ನಿಮ್ಮ ಕೈಯಲ್ಲಿದ್ದರೆ ನೀವು ಎಚ್ಚರದಿಂದಿದ್ದಿರಿ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಮಗು ಸಿಕ್ಕ ಮೇಲೆ ಮೊದಲು ನೀರು, ಊಟ, ಅಗತ್ಯವಿದ್ದರೆ ವೈದ್ಯರು. ಬೈಗುಳ ಬೇಡ, ಬೈಸಿಕೊಂಡ ಮಗು ಮುಂದಿನ ಸಲ ಅಡಗಿ ಕೂರುತ್ತದೆ. ಏನಾಯಿತೆಂದು ಒಬ್ಬರೇ, ನಿಧಾನವಾಗಿ ಕೇಳಿ. ಯಾರಾದರೂ ಲೈಂಗಿಕವಾಗಿ ಪೀಡಿಸಿದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಶಾಲೆಯೊಳಗೇ ‘ಮುಗಿಸುವ’ ಹಾಗಿಲ್ಲ. ಹುಡುಕಾಟಕ್ಕೆಂದು ಫೋಟೊ ಕೊಟ್ಟಿದ್ದ ಎಲ್ಲರಿಗೂ ಮಗು ಸಿಕ್ಕಿತೆಂದು ತಿಳಿಸಿ, ಹಂಚಿದ ಫೋಟೊಗಳನ್ನು ಅಳಿಸಲು ಹೇಳಿ. ಇಲ್ಲದಿದ್ದರೆ ‘ಕಾಣೆಯಾದ ಹುಡುಗಿ’ ಎಂಬ ಚಿತ್ರ ವರ್ಷಗಟ್ಟಲೆ ಆಕೆಯ ಬೆನ್ನು ಬಿಡುವುದಿಲ್ಲ.

ಪ್ರಶ್ನೆ: ನಾನು ಆರನೇ ಕ್ಲಾಸು. ಮುಂದಿನ ವಾರ ಟೂರ್ ಹೋಗ್ತೀವಿ. ನಾನೇ ಕಳೆದುಹೋದ್ರೆ ಏನ್ ಮಾಡ್ಬೇಕು?
— ವಿದ್ಯಾರ್ಥಿನಿ, ಕೊಳ್ಳೇಗಾಲ

ಉತ್ತರ: ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ನಿನ್ನದು. ಜೊತೆಯವರು ಕಾಣದಿದ್ದರೆ ನಿಂತಲ್ಲೇ ನಿಲ್ಲು. ನೀನೂ ಹುಡುಕುತ್ತ ಹೋದರೆ ಮಿಸ್ಸು ಇತ್ತ ಬರುವಾಗ ನೀನು ಅತ್ತ ಹೋಗಿರುತ್ತೀಯ. ಬಿಸಿಲಿದ್ದರೆ ಹತ್ತಿರದ ನೆರಳಿಗೆ ಸರಿ, ಅಷ್ಟೇ. ಮಿಸ್ಸಿನ ಹೆಸರು, ನಿಮ್ಮ ಶಾಲೆಯ ಹೆಸರು ಜೋರಾಗಿ ಕೂಗು, ನಾಚಿಕೆ ಬೇಡ. ಸ್ವಲ್ಪ ಹೊತ್ತಾದರೂ ಯಾರೂ ಬರದಿದ್ದರೆ ಪೊಲೀಸರನ್ನೋ, ಟಿಕೆಟ್ ಕೊಡುವವರನ್ನೋ, ಮಕ್ಕಳನ್ನು ಕರೆದುಕೊಂಡು ಬಂದಿರುವ ಒಬ್ಬ ಅಮ್ಮನನ್ನೋ ನೀನೇ ಆರಿಸಿಕೊಂಡು ಹೋಗಿ ಕೇಳು: ‘ಈ ನಂಬರಿಗೆ ಫೋನ್ ಮಾಡಿಕೊಡ್ತೀರಾ?’ ತಾವಾಗಿ ಬಂದು ‘ನಿಮ್ಮ ಮೇಷ್ಟ್ರು ಅಲ್ಲಿದ್ದಾರೆ, ಬಾ’ ಅಂದವರ ಜೊತೆ ಒಂದು ಹೆಜ್ಜೆಯೂ ಹೋಗಬೇಡ, ಗಾಡಿಯನ್ನಂತೂ ಹತ್ತಲೇಬೇಡ. ಕೈ ಹಿಡಿದು ಎಳೆದರೆ ‘ಇವರು ನನಗೆ ಗೊತ್ತಿಲ್ಲ’ ಎಂದು ಕಿರುಚು. ಮಿಸ್ಸು ಸಿಕ್ಕ ಮೇಲೆ ಬೈತಾರೆ ಎಂದು ಹೆದರಬೇಡ, ಕಳೆದುಹೋದದ್ದು ನಿನ್ನ ತಪ್ಪಲ್ಲ. ಪ್ರತಿ ಜಾಗದಲ್ಲೂ ಬಸ್ಸಿಳಿದ ಕೂಡಲೆ ‘ಮಿಸ್, ಇಲ್ಲಿ ತಪ್ಪಿಸಿಕೊಂಡ್ರೆ ಎಲ್ಲಿ ಸೇರೋಣ?’ ಎಂದು ನೀನೇ ಕೇಳು. ನಿನ್ನಿಂದ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಈಗ ಒಂದು ಕೆಲಸ ಮಾಡು. ಅಪ್ಪ ಅಥವಾ ಅಮ್ಮನ ಹತ್ತು ಅಂಕಿಯ ನಂಬರನ್ನು ನೋಡದೆ ಮೂರು ಸಲ ಬರೆ, ಒಂದೂ ತಪ್ಪಿಲ್ಲದಿದ್ದರೆ ಬ್ಯಾಗ್ ತುಂಬಿಕೋ.